ಪಾಕಿಸ್ತಾನದ ಸಂಸತ್ತಿನಲ್ಲಿ ಪೂರ್ವ ಬಂಗಾಳ

ಬಾಂಗ್ಲಾದೇಶದ ಕತೆಯನ್ನು ನಾವು ಸಾಮಾನ್ಯವಾಗಿ 1971ರ ಡಿಸೆಂಬರ್‌ನಿಂದ ಆರಂಭಿಸುತ್ತೇವೆ. ಯುದ್ಧ, ಢಾಕಾದಲ್ಲಿ ಶರಣಾಗತಿ, 93 ಸಾವಿರ ಕೈದಿಗಳು. ನಮ್ಮ ದೇಶದಲ್ಲಿ ಅದೊಂದು ವಿಜಯದ ಅಧ್ಯಾಯ. ಗಡಿಯಾಚೆಯ ಅನೇಕರಿಗೆ ಅದು ಭಾರತದ ಪಿತೂರಿ. ಒಂದೇ ಕಲಿಮಾ ಹೇಳುವವರು ಕೇವಲ 24 ವರ್ಷಗಳಲ್ಲಿ ಹೇಗೆ ಬೇರೆಯಾದರು ಎಂದು ನಮ್ಮ ಹಿರಿಯರಲ್ಲಿ ಕೆಲವರು ಈಗಲೂ ನೊಂದು ಕೇಳುವುದುಂಟು. ಉತ್ತರ ಬೇಕಿದ್ದರೆ ರಣರಂಗವನ್ನು ಬಿಟ್ಟು ಶಾಸನಸಭೆಯೊಳಗೆ ಬರಬೇಕು. ಅಲ್ಲಿ ಕುರ್ಚಿಗಳನ್ನು ಎಣಿಸಬೇಕು.

1947ರ ಆಗಸ್ಟ್ 10ರಂದು ಪಾಕಿಸ್ತಾನದ ಸಂವಿಧಾನ ಸಭೆ ಕರಾಚಿಯಲ್ಲಿ ಮೊದಲ ಬಾರಿಗೆ ಸೇರಿತು. ಅಂದಿನ ಹಂಗಾಮಿ ಅಧ್ಯಕ್ಷರು ಬಂಗಾಳದ ದಲಿತ ನಾಯಕ ಜೋಗೇಂದ್ರನಾಥ ಮಂಡಲ್. ಒಟ್ಟು 69 ಸ್ಥಾನಗಳಲ್ಲಿ ಪೂರ್ವ ಬಂಗಾಳದ ಪಾಲು 44. ಪಶ್ಚಿಮ ಪಂಜಾಬಿಗೆ 17, ಸಿಂಧ್‌ಗೆ 4, ವಾಯವ್ಯ ಗಡಿನಾಡಿಗೆ 3, ಬಲೂಚಿಸ್ತಾನಕ್ಕೆ 1. ಮುಂದೆ ಸಭೆಯ ಬಲ 79ಕ್ಕೇರಿದಾಗಲೂ ಪೂರ್ವದವರೇ ಅರ್ಧಕ್ಕಿಂತ ಹೆಚ್ಚು. ಜನಸಂಖ್ಯೆಯ ಲೆಕ್ಕದಲ್ಲಿ ಇದು ಸರಿಯಾಗಿಯೇ ಇತ್ತು. ಅಂದರೆ ಹೊಸ ದೇಶದ ಸಂಸತ್ತಿನಲ್ಲಿ ಬಂಗಾಳಿಗಳು ಬಹುಸಂಖ್ಯಾತರು! ಕಾಗದದ ಮೇಲೆ, ಅಷ್ಟೇ. ಉತ್ತರ ಪ್ರದೇಶದ ರಾಜಕಾರಣಿಯಾದ ಪ್ರಧಾನಿ ಲಿಯಾಖತ್ ಅಲಿ ಖಾನ್ ಕುಳಿತದ್ದೂ ಪೂರ್ವ ಬಂಗಾಳದ ಸ್ಥಾನದಲ್ಲೇ. ಸೈನ್ಯ, ಅಧಿಕಾರಿ ವರ್ಗ, ರಾಜಧಾನಿ ಎಲ್ಲವೂ ಪಶ್ಚಿಮದಲ್ಲಿದ್ದವು.

ಈ ಬಹುಮತದ ಟೊಳ್ಳುತನ ಬಯಲಾಗಲು ಏಳು ತಿಂಗಳೂ ಬೇಕಾಗಲಿಲ್ಲ. 1948ರ ಫೆಬ್ರವರಿ 25ರಂದು ಕೊಮಿಲ್ಲಾದ ಸದಸ್ಯ ಧೀರೇಂದ್ರನಾಥ ದತ್ತ ಒಂದು ಪುಟ್ಟ ತಿದ್ದುಪಡಿ ಮಂಡಿಸಿದರು. ಸಭೆಯ ಕಲಾಪದಲ್ಲಿ ಇಂಗ್ಲಿಷ್, ಉರ್ದುವಿನ ಜೊತೆ ಬಂಗಾಳಿಗೂ ಅವಕಾಶವಿರಲಿ ಎಂಬುದಷ್ಟೇ ಅವರ ಬೇಡಿಕೆ. ದೇಶದ 6 ಕೋಟಿ 90 ಲಕ್ಷ ಜನರಲ್ಲಿ 4 ಕೋಟಿ 40 ಲಕ್ಷ ಮಂದಿಯ ಮಾತು ಬಂಗಾಳಿ ಎಂದು ಅವರು ಲೆಕ್ಕ ಕೊಟ್ಟರು. ಮನಿಆರ್ಡರ್ ಫಾರಂ ಓದಲಾಗದ ಹಳ್ಳಿಗನ ಪಾಡನ್ನೂ ಹೇಳಿದರು. ಮುಸ್ಲಿಮ್ ರಾಷ್ಟ್ರದ ಭಾಷೆ ಉರ್ದುವೇ ಆಗಬೇಕು ಎಂದು ಲಿಯಾಖತ್ ಅಲಿ ಉತ್ತರಿಸಿದರು. ಪೂರ್ವ ಬಂಗಾಳದ ಮುಖ್ಯಮಂತ್ರಿ ಖ್ವಾಜಾ ನಾಜಿಮುದ್ದೀನರೂ ಎದ್ದು ನಿಂತು, ತಮ್ಮ ಪ್ರಾಂತ್ಯದ ಜನರಿಗೂ ಉರ್ದುವೇ ಬೇಕು ಎಂದರು. ದತ್ತರ ಬೆಂಬಲಕ್ಕೆ ನಿಂತವರು ಕೆಲವು ಹಿಂದೂ ಸದಸ್ಯರು ಮಾತ್ರ. ತಿದ್ದುಪಡಿ ಬಿದ್ದುಹೋಯಿತು. ನಮ್ಮ ಅಭಿಪ್ರಾಯದಲ್ಲಿ, ಪಾಕಿಸ್ತಾನದ ಮೊದಲ ಬಿರುಕನ್ನು ಗುರುತಿಸಬೇಕಾದದ್ದು ಇಲ್ಲಿ. ತನ್ನ ಜನರ ಭಾಷೆಯನ್ನು ಸಭೆಯಲ್ಲಿ ಆಡಲು ಬಿಡದ 44 ಮಂದಿ ಯಾರ ಪ್ರತಿನಿಧಿಗಳು? ಧರ್ಮದ ಹೆಸರಿನಲ್ಲಿ ಉರ್ದುವಿಗೆ ಪಟ್ಟ ಕಟ್ಟಿದವರು, ಬಂಗಾಳಿಯಲ್ಲಿ ದುಆ ಮಾಡುವ ಕೋಟ್ಯಂತರ ಮುಸ್ಲಿಮರನ್ನು ಮರೆತೇಬಿಟ್ಟರು. ನಾಲ್ಕು ವರ್ಷಗಳ ನಂತರ, 1952ರ ಫೆಬ್ರವರಿ 21ರಂದು, ಢಾಕಾದಲ್ಲಿ ಅದೇ ಬೇಡಿಕೆಗಾಗಿ ವಿದ್ಯಾರ್ಥಿಗಳು ಗುಂಡಿಗೆ ಬಲಿಯಾದರು.

ಇತ್ತ ಸಂವಿಧಾನ ರಚನೆ ಕುಂಟುತ್ತಿತ್ತು. ಕಾರಣ ಒಂದೇ: ಪೂರ್ವದ ಸಂಖ್ಯೆಯನ್ನು ಏನು ಮಾಡುವುದು? 1950ರ ವರದಿಗೆ ಪೂರ್ವದಲ್ಲಿ ಪ್ರತಿಭಟನೆ ಎದ್ದಿತು. 1952ರಲ್ಲಿ ಕೆಳಮನೆಗೆ 200-200, ಮೇಲ್ಮನೆಗೆ 60-60 ಎಂಬ ಸೂತ್ರ ಬಂತು. ಈ ಬಾರಿ ಪಂಜಾಬಿನ ನಾಯಕರು ಸಿಡಿದರು. 1953ರ ಅಕ್ಟೋಬರ್‌ನಲ್ಲಿ ಪ್ರಧಾನಿ ಮುಹಮ್ಮದ್ ಅಲಿ ಬೋಗ್ರಾ ಜಾಣತನದ ಒಂದು ಸೂತ್ರ ಮುಂದಿಟ್ಟರು. ಕೆಳಮನೆಯ 300ರಲ್ಲಿ ಪೂರ್ವಕ್ಕೆ 165, ಮೇಲ್ಮನೆಯ 50ರಲ್ಲಿ ಕೇವಲ 10. ಎರಡೂ ಮನೆ ಸೇರಿದರೆ ಆಚೆ ಈಚೆ 175. ಇದನ್ನು ಬಹುತೇಕ ಎಲ್ಲರೂ ಒಪ್ಪಿದರು.

ಆದರೆ ಆ ಸಭೆಯೇ ಉಳಿಯಲಿಲ್ಲ. 1954ರ ಮಾರ್ಚ್‌ನಲ್ಲಿ ಪೂರ್ವ ಬಂಗಾಳದ ಪ್ರಾಂತೀಯ ಚುನಾವಣೆ ನಡೆದಾಗ ಫಜ್ಲುಲ್ ಹಕ್, ಸುಹ್ರವರ್ದಿ, ಭಾಶಾನಿಯವರ ಸಂಯುಕ್ತ ರಂಗ 237 ಮುಸ್ಲಿಮ್ ಸ್ಥಾನಗಳಲ್ಲಿ 223ನ್ನು ಗೆದ್ದಿತು. ಆಳುತ್ತಿದ್ದ ಮುಸ್ಲಿಮ್ ಲೀಗ್ ಎರಡಂಕಿ ತಲುಪಲೂ ಹೆಣಗಿತು. ಪೂರ್ವದ ಹಳೆಯ 44 ಮಂದಿ ಯಾರನ್ನೂ ಪ್ರತಿನಿಧಿಸುತ್ತಿಲ್ಲ ಎಂಬುದು ಇದರಿಂದ ಸ್ಪಷ್ಟವಾಯಿತು. ಗೆದ್ದವರ ಸರಕಾರವನ್ನು ಕೇಂದ್ರವು ಮೇ ಕೊನೆಯಲ್ಲೇ ವಜಾ ಮಾಡಿತು. ಅಕ್ಟೋಬರ್ 24ರಂದು ಗವರ್ನರ್ ಜನರಲ್ ಗುಲಾಮ್ ಮುಹಮ್ಮದ್ ಸಂವಿಧಾನ ಸಭೆಯನ್ನೇ ವಿಸರ್ಜಿಸಿದರು. ಸಭೆ ತನ್ನ ಅಧಿಕಾರವನ್ನು ಮೊಟಕುಗೊಳಿಸಿದ್ದು ಅವರ ಸಿಟ್ಟಿಗೆ ಕಾರಣವಾಗಿತ್ತು.

ಸಭಾಧ್ಯಕ್ಷ ತಮೀಜುದ್ದೀನ್ ಖಾನ್ ಪೂರ್ವ ಬಂಗಾಳದವರು. ಪೊಲೀಸರ ಕಣ್ಣು ತಪ್ಪಿಸಲು ಬುರ್ಖಾ ತೊಟ್ಟು ಆಟೋರಿಕ್ಷಾದಲ್ಲಿ ನ್ಯಾಯಾಲಯಕ್ಕೆ ಹೋದರು ಎಂದು ಹೇಳಲಾಗುತ್ತದೆ. ಸಿಂಧ್ ಮುಖ್ಯ ನ್ಯಾಯಾಲಯ ಅವರ ಪರ ತೀರ್ಪಿತ್ತಿತು. 1955ರ ಮಾರ್ಚ್‌ನಲ್ಲಿ ಮುಖ್ಯ ನ್ಯಾಯಮೂರ್ತಿ ಮುನೀರ್ ನೇತೃತ್ವದ ಫೆಡರಲ್ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಭಿನ್ನಮತ ಬರೆದವರು ಒಬ್ಬರೇ, ಕ್ರೈಸ್ತರಾದ ನ್ಯಾಯಮೂರ್ತಿ ಕಾರ್ನೀಲಿಯಸ್.

ಹೊಸ ಸಂವಿಧಾನ ಸಭೆಯಲ್ಲಿ ಪೂರ್ವಕ್ಕೆ 40, ಪಶ್ಚಿಮಕ್ಕೆ 40. ಇದಕ್ಕೆ ಪ್ಯಾರಿಟಿ ಎಂದು ಹೆಸರು. 1951ರ ಜನಗಣತಿಯಲ್ಲಿ ಪೂರ್ವದ ಜನಸಂಖ್ಯೆ ಸುಮಾರು 4.2 ಕೋಟಿ, ಪಶ್ಚಿಮದ್ದು 3.4 ಕೋಟಿಯ ಆಸುಪಾಸು. ಪಶ್ಚಿಮದ ಎಲ್ಲಾ ಪ್ರಾಂತ್ಯಗಳನ್ನು 1955ರ ಅಕ್ಟೋಬರ್‌ನಲ್ಲಿ ಒಂದೇ ಘಟಕವಾಗಿ ಬೆಸೆಯಲಾಯಿತು, ತಕ್ಕಡಿ ಸಮ ತೂಗಲು! ಸುಹ್ರವರ್ದಿಯವರಂಥ ಬಂಗಾಳಿ ನಾಯಕರೂ ಇದಕ್ಕೆ ಒಪ್ಪಿದರು. ಸ್ಥಾನಗಳಲ್ಲಿ ಸಮಾನತೆ ಕೊಟ್ಟರೆ ನೌಕರಿಯಲ್ಲಿ, ಅಭಿವೃದ್ಧಿಯಲ್ಲಿ ಸಮಾನತೆ ಸಿಗುತ್ತದೆಂಬ ನಿರೀಕ್ಷೆ ಅವರದ್ದು. ಕೊಟ್ಟದ್ದು ಕೂಡಲೇ ಹೋಯಿತು, ಬರಬೇಕಾದದ್ದು ಬರಲಿಲ್ಲ. 1957ರಲ್ಲಿ ಪ್ರಧಾನಿಯಾಗಿದ್ದ ಸುಹ್ರವರ್ದಿ, ಸಭೆ ಕರೆಯಿರಿ, ಬಹುಮತ ತೋರಿಸುತ್ತೇನೆ ಎಂದು ಕೇಳಿಕೊಂಡರು. ಅಧ್ಯಕ್ಷ ಇಸ್ಕಂದರ್ ಮಿರ್ಜಾ ಕರೆಯಲಿಲ್ಲ. ಸುಹ್ರವರ್ದಿ ರಾಜೀನಾಮೆ ಕೊಡಬೇಕಾಯಿತು.

ಅಯ್ಯೂಬ್ ಖಾನರ ಕಾಲದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 1962ರ ಸಂವಿಧಾನದ ಪ್ರಕಾರ ಸಭೆಯಲ್ಲಿ 156 ಸ್ಥಾನ, ಎರಡೂ ಕಡೆಗೆ 78. ಮತ ಹಾಕುವವರು ಜನರಲ್ಲ, 80 ಸಾವಿರ ಮೂಲ ಪ್ರಜಾಪ್ರಭುತ್ವ ಸದಸ್ಯರು. ಬಂಗಾಳಿಗಳನ್ನು ಸಮಾಧಾನಪಡಿಸಲು ಢಾಕಾವನ್ನು ಎರಡನೇ ರಾಜಧಾನಿ ಎಂದು ಸಾರಲಾಯಿತು. ಶಾಸನಸಭೆಗೆಂದು ಅಲ್ಲಿ ಲೂಯಿ ಕಾನ್ ವಿನ್ಯಾಸದ ಭವ್ಯ ಕಟ್ಟಡಕ್ಕೆ ಕೈಹಾಕಲಾಯಿತು. ಅದರೊಳಗೆ ಪಾಕಿಸ್ತಾನದ ಸಭೆ ಒಂದು ದಿನವೂ ಸೇರಲಿಲ್ಲ. ಈಗ ಅದು ಬಾಂಗ್ಲಾದೇಶದ ಸಂಸತ್ ಭವನ.

ಜನಸಂಖ್ಯೆಗೆ ತಕ್ಕ ಸ್ಥಾನ ಎಂಬ ಸರಳ ನ್ಯಾಯ ಮರಳಿ ಬಂದದ್ದು ಇನ್ನೊಬ್ಬ ಸೇನಾಧಿಕಾರಿ ಯಾಹ್ಯಾ ಖಾನ್ ಕೈಯಿಂದ ಎಂಬುದು ವಿಪರ್ಯಾಸ. 1970ರ ಆದೇಶದಂತೆ 313 ಸ್ಥಾನಗಳಲ್ಲಿ ಪೂರ್ವಕ್ಕೆ 169. ನವೆಂಬರ್ 12ರ ಭೀಕರ ಚಂಡಮಾರುತದ ಗಾಯ ಹಸಿಯಾಗಿದ್ದಾಗಲೇ ಡಿಸೆಂಬರ್ 7ರಂದು ದೇಶದ ಮೊದಲ ನೇರ ಸಾರ್ವತ್ರಿಕ ಚುನಾವಣೆ ನಡೆಯಿತು. ಶೇಖ್ ಮುಜೀಬುರ್ರಹ್ಮಾನರ ಅವಾಮೀ ಲೀಗ್ ಮಹಿಳಾ ಸ್ಥಾನಗಳೂ ಸೇರಿ 167ನ್ನು ಪಡೆಯಿತು. ಸ್ಪಷ್ಟ ಬಹುಮತ. ಪಶ್ಚಿಮದಲ್ಲಿ ಭುಟ್ಟೋ ಪಕ್ಷಕ್ಕೆ 81 ಸಾಮಾನ್ಯ ಸ್ಥಾನಗಳು. 1971ರ ಮಾರ್ಚ್ 3ಕ್ಕೆ ಢಾಕಾದಲ್ಲಿ ಅಧಿವೇಶನ ಎಂದು ನಿಗದಿಯಾಯಿತು. ಅಲ್ಲಿಗೆ ಹೋಗುವವರ ಕಾಲು ಮುರಿಯುವುದಾಗಿ ಭುಟ್ಟೋ ಲಾಹೋರಿನಲ್ಲಿ ಗುಡುಗಿದರು. ಮಾರ್ಚ್ 1ರ ಮಧ್ಯಾಹ್ನ ಅಧಿವೇಶನ ಮುಂದೂಡಿದ ಸುದ್ದಿ ರೇಡಿಯೋದಲ್ಲಿ ಬಂದಾಗ ಢಾಕಾ ಕ್ರೀಡಾಂಗಣದಲ್ಲಿ ಕ್ರಿಕೆಟ್ ನೋಡುತ್ತಿದ್ದವರು ಎದ್ದು ಬೀದಿಗಿಳಿದರು. ಹೊಸ ದಿನಾಂಕ ಮಾರ್ಚ್ 25 ಎಂದರು. ಅದನ್ನೂ ಮುಂದೂಡಿದರು. ಮಾರ್ಚ್ 25ರ ರಾತ್ರಿ ಢಾಕಾಕ್ಕೆ ಬಂದದ್ದು ಟ್ಯಾಂಕುಗಳು.

ಕೊಮಿಲ್ಲಾದ ಧೀರೇಂದ್ರನಾಥ ದತ್ತರನ್ನು ಆ ಮಾರ್ಚ್ ಕೊನೆಯಲ್ಲಿ ಸೈನಿಕರು ಮಗನೊಂದಿಗೆ ಮನೆಯಿಂದ ಎಳೆದೊಯ್ದರು. ಇಬ್ಬರೂ ಮರಳಲಿಲ್ಲ. ಆಗ ದತ್ತರಿಗೆ 84 ವಯಸ್ಸು.

1970ರಲ್ಲಿ ಒಂದೇ ಸಭೆಗಾಗಿ ಆಯ್ಕೆಯಾದವರು 1972ರ ಏಪ್ರಿಲ್‌ನಲ್ಲಿ ಎರಡು ಕಡೆ ಸೇರಿದರು. ಏಪ್ರಿಲ್ 10ರಂದು ಢಾಕಾದಲ್ಲಿ ಬಾಂಗ್ಲಾದೇಶದ ಸಂವಿಧಾನ ಸಭೆ, ನಾಲ್ಕು ದಿನಗಳ ಬಳಿಕ ಅತ್ತ ಪಾಕಿಸ್ತಾನದ ರಾಷ್ಟ್ರೀಯ ಸಭೆ. ಅಲ್ಲಿ ಪೂರ್ವದಿಂದ ಉಳಿದಿದ್ದವರು ಇಬ್ಬರೇ: ಚಟ್ಟೋಗ್ರಾಮ ಗುಡ್ಡಗಾಡಿನ ಚಕ್ಮಾ ರಾಜ ತ್ರಿದಿವ್ ರಾಯ್ ಮತ್ತು ನೂರುಲ್ ಅಮೀನ್. 1952ರಲ್ಲಿ ವಿದ್ಯಾರ್ಥಿಗಳ ಮೇಲೆ ಗುಂಡು ಹಾರಿದಾಗ ಪೂರ್ವ ಬಂಗಾಳದ ಮುಖ್ಯಮಂತ್ರಿಯಾಗಿದ್ದವರು ಇದೇ ನೂರುಲ್ ಅಮೀನ್. 1974ರಲ್ಲಿ ಅವರು ತೀರಿಕೊಂಡಾಗ ಕರಾಚಿಯಲ್ಲಿ ಜಿನ್ನಾ ಸಮಾಧಿಯ ಆವರಣದಲ್ಲೇ ದಫನ ಮಾಡಲಾಯಿತು.