ಗಂಟು ಹಗುರ, ಹೆಗಲು ಯಾರದು?

ಶನಿವಾರ ಬೆಳಗಿನ ಜಾವ ಬೆಂಗಳೂರಿನಿಂದ ನಾಗರಹೊಳೆಗೋ ಬಂಡೀಪುರಕ್ಕೋ ಹೊರಡುವ ಕಾರುಗಳು ಎಷ್ಟೋ ವರ್ಷಗಳ ಕಾಲ ದೊಡ್ಡಮಳೂರಿನ ಅಪ್ರಮೇಯಸ್ವಾಮಿ ದೇವಸ್ಥಾನವನ್ನು ಹಾದೇ ಹೋಗಬೇಕಿತ್ತು. ಚನ್ನಪಟ್ಟಣ ಮುಗಿಯಿತೆನ್ನುವಷ್ಟರಲ್ಲಿ ಈ ಊರು. 2023ರಲ್ಲಿ ರಾಮನಗರ, ಚನ್ನಪಟ್ಟಣಗಳನ್ನು ಬಳಸಿಕೊಂಡು ಹೋಗುವ ಹೊಸ ಹೆದ್ದಾರಿ ತೆರೆದ ಮೇಲೆ ಅವಸರದವರು ಇತ್ತ ತಿರುಗುವುದಿಲ್ಲ. ಹಳೆಯ ರಸ್ತೆಯಾಗಲಿ ಹೊಸದಾಗಲಿ, ಕಾರಿನ ಡಿಕ್ಕಿಯೊಳಗಿನ ಸಂಸಾರ ಮಾತ್ರ ಒಂದೇ. ಎರಡು ರಾತ್ರಿಯ ಕಾಡು ಪ್ರವಾಸಕ್ಕೆ ನಾಲ್ಕು ಪೆಟ್ಟಿಗೆ, ಆರು ಜೊತೆ ಬಟ್ಟೆ, ತಿಂಡಿಯ ಚೀಲ ಬೇರೆ, ಮಕ್ಕಳ ಚೀಲ ಬೇರೆ. ಸಫಾರಿ ಏರ್ಪಡಿಸುವವರು ಕಡಿಮೆ ಸಾಮಾನು ತನ್ನಿ ಎಂದು ಹೇಳುತ್ತಲೇ ಇರುತ್ತಾರೆ. ಪೂರ್ವ ಆಫ್ರಿಕದಲ್ಲಿ ಕಾಡಿನ ನಡುವೆ ಇಳಿಯುವ ಸಣ್ಣ ವಿಮಾನಗಳಂತೂ ಮೆತ್ತನೆಯ ಚೀಲದಲ್ಲಿ 15 ಕಿಲೊ ಎಂಬ ಮಿತಿಯನ್ನೇ ಇಟ್ಟಿವೆ.

ಹಗುರವಾಗಿ ಹೊರಡುವುದು ಈಚಿನವರು ಕಂಡುಕೊಂಡ ಜಾಣತನವೆಂದು ನಾವು ತಿಳಿದಿದ್ದೇವೆ. ಈ ರಸ್ತೆಯ ಇತಿಹಾಸವನ್ನು ನೋಡಿದರೆ ಹಾಗೆನ್ನಿಸುವುದಿಲ್ಲ. ಪ್ರಯಾಣಿಕನ ಗಂಟು ಹಗುರವಾಗಬೇಕಾದರೆ ಬೇಕಾದದ್ದು ದಾರಿಯಲ್ಲೇ ಸಿಗಬೇಕು. ಇಲ್ಲವೇ ಅವನದನ್ನು ಇನ್ನೊಬ್ಬರು ಹೊರಬೇಕು. ಮೊದಲನೆಯದು ಯಾತ್ರಿಕರ ಲೋಕ, ಎರಡನೆಯದು ಶಿಕಾರಿಯ ಲೋಕ. ‘ಸಫಾರಿ’ ಎಂಬ ಮಾತು ಬಂದದ್ದು ಈ ಎರಡನೆಯದರಿಂದ.

ಅರಬ್ಬಿಯಲ್ಲಿ ‘ಸಫರ್’ ಎಂದರೆ ಪ್ರಯಾಣ. ನಮ್ಮ ಉರ್ದು ಮಾತಿನವರಿಗೆ ಇದು ದಿನಬಳಕೆಯ ಪದ. ಅದೇ ಬೇರಿನಿಂದ ‘ಮುಸಾಫಿರ’ ಬಂತು. ಹಳೆಯ ಮೈಸೂರಿನ ಊರುಗಳಲ್ಲಿ ಪರಸ್ಥಳದ ಅಧಿಕಾರಿಗಳು ಇಳಿದುಕೊಳ್ಳುತ್ತಿದ್ದ ಮುಸಾಫಿರಖಾನೆಯೂ ಬಂತು. (ನಮ್ಮ ‘ಸವಾರಿ’ಗೆ ಇದರ ನೆಂಟಸ್ತಿಕೆಯಿಲ್ಲ. ಅದು ಪಾರಸಿಯ ಸವಾರನ ಕಡೆಯದು.) ಪೂರ್ವ ಆಫ್ರಿಕದ ಸ್ವಾಹಿಲಿ ಭಾಷೆ ಇದನ್ನು ‘ಸಫಾರಿ’ ಮಾಡಿಕೊಂಡಿತು. ಅಲ್ಲಿ ಜಾಂಜಿಬಾರ್ ಎದುರಿನ ಕರಾವಳಿಯಿಂದ ಬಟ್ಟೆ, ಮಣಿ, ಹಿತ್ತಾಳೆ ತಂತಿ ಹೊತ್ತು ಒಳನಾಡಿಗೆ ಹೋಗಿ, ಆನೆದಂತ ಹೊತ್ತು ಹಿಂದಿರುಗುತ್ತಿದ್ದ ಕೂಲಿಗಳ ಸಾಲೇ ಸಫಾರಿ. ಒಬ್ಬನ ಹೊರೆ ಸುಮಾರು 60 ಪೌಂಡು, ಅಂದರೆ 27 ಕಿಲೊ. 19ನೆಯ ಶತಮಾನದ ನಡುವಿನಲ್ಲಿ ರಿಚರ್ಡ್ ಬರ್ಟನ್ ಮೊದಲಾದ ಪ್ರವಾಸಿಗಳ ಬರವಣಿಗೆಯಿಂದ ಈ ಮಾತು ಇಂಗ್ಲಿಷಿಗೆ ಹೋಯಿತು. ಅಮೆರಿಕದ ಅಧ್ಯಕ್ಷ ಪದವಿಯಿಂದ ಇಳಿದ ಥಿಯೊಡೋರ್ ರೂಸ್‌ವೆಲ್ಟ್ 1909ರಲ್ಲಿ ಮೊಂಬಾಸಾದಿಂದ ಬೇಟೆಗೆ ಹೊರಟಾಗ ಇನ್ನೂರಕ್ಕೂ ಹೆಚ್ಚು ಕೂಲಿಗಳಿದ್ದರು. ಪ್ರಾಣಿಗಳ ಚರ್ಮ ಕೆಡದಿರಲೆಂದು 4 ಟನ್ ಉಪ್ಪು ಹೋಯಿತು. ಹಂದಿಯ ಚರ್ಮದ ರಟ್ಟು ಹಾಕಿಸಿದ ಪುಸ್ತಕಗಳ ಒಂದು ಪುಟ್ಟ ಭಂಡಾರವೂ ಹೋಯಿತು. ಬೇಟೆಗಾರನ ಕೈಯಲ್ಲಿ ಕೋವಿಯೊಂದೇ. ಹಗುರವಾಗಿಯೇ ಇದ್ದ!

ನಮ್ಮಲ್ಲಿಯೂ ಇದೇ ನಡೆಯುತ್ತಿತ್ತು. ಮೈಸೂರು ಸಂಸ್ಥಾನದಲ್ಲಿ ಕಾಲುವೆಗಳ ಕೆಲಸಕ್ಕೆ ಬಂದು, ಆನೆ ಹಿಡಿಯುವುದರಲ್ಲಿ ಹೆಸರು ಮಾಡಿದ ಜಿ.ಪಿ. ಸ್ಯಾಂಡರ್ಸನ್ 1874ರಲ್ಲಿ ಚಾಮರಾಜನಗರದ ಕಡೆ ಒಂದೇ ಖೆಡ್ಡಾದಲ್ಲಿ ಐವತ್ತಕ್ಕೂ ಹೆಚ್ಚು ಆನೆಗಳನ್ನು ಕೆಡವಿದ. ಅಲ್ಲಿಂದ ಮುಂದೆ ಖೆಡ್ಡಾ ಸಂಸ್ಥಾನದ ವೈಭವದ ಗುರುತಾಯಿತು. ಕಬಿನಿಯ ದಂಡೆಯ ಕಾಕನಕೋಟೆ ಅದರ ರಂಗಸ್ಥಳ, ಕಾರಾಪುರ ಅತಿಥಿಗಳ ಬಿಡಾರ. ವೈಸರಾಯರು, ರಾಜಕುಮಾರರು ಬಂದರೆ ಕಾಡಿನ ನಡುವೆ ಡೇರೆಗಳ ಊರೇ ಏಳುತ್ತಿತ್ತು. ಕುರ್ಚಿ, ಮೇಜು, ಪಿಂಗಾಣಿ, ಅಡಿಗೆಯವರು, ದೀಪ ಹಚ್ಚುವವರು, ಎಲ್ಲವೂ ಎತ್ತಿನ ಗಾಡಿಯಲ್ಲಿ, ಆನೆಯ ಬೆನ್ನಿನಲ್ಲಿ, ಆಳುಗಳ ತಲೆಯ ಮೇಲೆ ಮೊದಲೇ ಹೋಗಿರುತ್ತಿತ್ತು. ಆನೆಯ ಹಿಂಡನ್ನು ವಾರಗಟ್ಟಲೆ ಸುತ್ತುಗಟ್ಟಿ, ರಾತ್ರಿಯೆಲ್ಲ ಬೆಂಕಿ ಕಾದು, ತಮಟೆ ಬಡಿದು ನದಿಯ ಕಡೆಗೆ ಅಟ್ಟುತ್ತಿದ್ದವರು ಸುತ್ತಲ ಹಳ್ಳಿಯವರು ಮತ್ತು ಜೇನುಕುರುಬರು, ಬೆಟ್ಟಕುರುಬರು. ಅತಿಥಿ ಕೊನೆಯ ದಿನ ಬಂದು ಮಂಚಿಕೆಯ ಮೇಲೆ ಕೂತು ನೋಡಿ ಹೋಗುತ್ತಿದ್ದ.

ದೊರೆಯ ಸಾಮಾನು ಹೊರುವ ಕೆಲಸಕ್ಕೆ ಕನ್ನಡದಲ್ಲಿ ಹಳೆಯ ಹೆಸರೊಂದಿದೆ: ‘ಬಿಟ್ಟಿ’. ಸಂಸ್ಕೃತದ ‘ವಿಷ್ಟಿ’ಯಿಂದ ಬಂದ ಈ ಪದ ನಮ್ಮ ಶಾಸನಗಳಲ್ಲಿ ಕೂಲಿಯಿಲ್ಲದ ಕಡ್ಡಾಯದ ದುಡಿಮೆಗೆ ಬಳಕೆಯಾಗಿದೆ. ಈಗ ನಾವು ‘ಬಿಟ್ಟಿ ಸಿಕ್ಕಿತು’ ಎಂದು ಸಂತೋಷದಿಂದ ಹೇಳುತ್ತೇವೆ. ಸಿಕ್ಕವನಿಗೆ ಸಂತೋಷ, ಕೊಟ್ಟವನ ಬೆನ್ನು ಆ ಮಾತಿನೊಳಗೆ ಅಡಗಿಹೋಗಿದೆ. ದೂರದ ಕುಮಾವೂಂ ಬೆಟ್ಟಗಳಲ್ಲಿ ಅಧಿಕಾರಿಗಳ, ಶಿಕಾರಿಯವರ ಸಾಮಾನನ್ನು ಸರದಿಯ ಮೇಲೆ ಹೊರುವ ಇಂಥದೇ ಪದ್ಧತಿಯಿತ್ತು. ಅಲ್ಲಿನ ಜನ 1921ರ ಸಂಕ್ರಾಂತಿಯ ದಿನ ಬಾಗೇಶ್ವರದ ಜಾತ್ರೆಯಲ್ಲಿ ಸೇರಿ, ಸರದಿ ಬರೆದಿಡುತ್ತಿದ್ದ ದಫ್ತರಗಳನ್ನು ಸರಯೂ ನದಿಗೆ ಎಸೆದುಬಿಟ್ಟರು.

ಇನ್ನು ದಾರಿಯೇ ಹೊರೆಯನ್ನು ಹೊತ್ತ ಲೋಕ. ಅದನ್ನು ನೋಡಲು ದೊಡ್ಡಮಳೂರಿಗಿಂತ ಒಳ್ಳೆಯ ಜಾಗ ಬೇಕಿಲ್ಲ. ಕಣ್ವ ನದಿಯ ಬದಿಯ ಈ ಊರಿಗೆ ಪುರಂದರದಾಸರು ಬಂದು, ಇಲ್ಲಿನ ಅಂಬೆಗಾಲು ಕೃಷ್ಣನನ್ನು ಕಂಡು ‘ಜಗದೋದ್ಧಾರನ’ ಹಾಡಿದರೆಂಬುದು ತಲೆಮಾರುಗಳ ನಂಬಿಕೆ. ಅದನ್ನು ಸಾಧಿಸಲು ಶಾಸನವನ್ನು ಹುಡುಕುವ ಅಗತ್ಯ ನನಗೆ ಕಾಣುವುದಿಲ್ಲ. ದಾಸರ ಸಾಮಾನಿನ ಪಟ್ಟಿಯನ್ನಷ್ಟು ನೋಡಿದರೆ ಸಾಕು: ಹೆಗಲಿಗೆ ತಂಬೂರಿ, ಕೈಗೆ ತಾಳ, ಕಾಲಿಗೆ ಗೆಜ್ಜೆ, ತಲೆಯ ಮೇಲೋ ಕಂಕುಳಲ್ಲೋ ಗೋಪಾಳಬುಟ್ಟಿ. ನವಕೋಟಿ ನಾರಾಯಣನೆನಿಸಿಕೊಂಡ ಸಾಹುಕಾರ ಎಲ್ಲವನ್ನೂ ಬಿಟ್ಟು ಬಂದ ಕತೆ ಕನ್ನಡಿಗರಿಗೆ ಗೊತ್ತೇ ಇದೆ. ಬುಟ್ಟಿ ಬರಿದಾಗಿ ಹೊರಟು ಮನೆಮನೆಯಲ್ಲಿ ತುಂಬಿಕೊಳ್ಳುತ್ತಿತ್ತು. ಊಟವನ್ನು ಹೊತ್ತುಕೊಂಡು ಹೋಗುವ ಪ್ರಶ್ನೆಯೇ ಇಲ್ಲ. ತಂಬೂರಿಯ ತಂತಿ ಕಡಿದರೂ ಈ ಸೀಮೆಯಲ್ಲಿ ಚಿಂತೆಯಿರಲಿಲ್ಲವೇನೋ. 1800ರಲ್ಲಿ ಈ ದಾರಿಯಾಗಿ ಶ್ರೀರಂಗಪಟ್ಟಣಕ್ಕೆ ಹೋದ ಫ್ರಾನ್ಸಿಸ್ ಬುಕನನ್, ಚನ್ನಪಟ್ಟಣದಲ್ಲಿ ವಾದ್ಯಗಳಿಗೆ ಬೇಕಾದ ಉಕ್ಕಿನ ತಂತಿ ಎಳೆಯುವ ಕಸುಬನ್ನು ಕಂಡು, ಅದು ದೂರದೂರದ ಸೀಮೆಗಳಿಗೆ ಹೋಗುತ್ತದೆಂದು ಬರೆದಿಟ್ಟಿದ್ದಾನೆ.

ದಾಸರಷ್ಟು ವಿರಕ್ತರಲ್ಲದ ಸಂಸಾರಿಗಳ ಗಂಟೂ ದೊಡ್ಡದಾಗಿರಲಿಲ್ಲ. ಮೇಲೊಂದು ಕಂಬಳಿ, ಉಟ್ಟದ್ದರ ಜೊತೆಗೆ ಇನ್ನೊಂದು ಪಂಚೆಯೋ ಸೀರೆಯೋ, ಎಲೆಯಡಿಕೆಯ ಸಂಚಿ, ಕುತ್ತಿಗೆಗೆ ಹಗ್ಗ ಬಿಗಿದ ತಂಬಿಗೆ, ಬುತ್ತಿ. ಇಷ್ಟರಲ್ಲಿ ಒಂದೊಂದೂ ಎರಡು ಮೂರು ಕೆಲಸ ಮಾಡುತ್ತಿತ್ತು. ಕಂಬಳಿ ರಾತ್ರಿ ಹಾಸಿಗೆ, ಚಳಿಗೆ ಹೊದಿಕೆ, ಮಳೆಗೆ ಮಡಿಸಿ ತಲೆಗೆ ಹಾಕಿಕೊಂಡರೆ ಕೊಪ್ಪೆ, ಸಂತೆಯಲ್ಲಿ ಕಾಳು ಕಟ್ಟುವ ಗಂಟು. ಉಣ್ಣೆ ನೆನೆದರೂ ಮೈ ಬೆಚ್ಚಗಿಡುತ್ತದೆ. ಹತ್ತಿಗೆ ಆ ಗುಣವಿಲ್ಲ. ಒಂದು ವಸ್ತು ನಾಲ್ಕು ಕೆಲಸಕ್ಕೆ ಒದಗಬೇಕೆಂದು ಇಂದಿನ ಚಾರಣದ ಕೈಪಿಡಿಗಳು ಹೇಳುವುದನ್ನು ಕಂಬಳಿ ಹೊದೆದವರು ಯಾವ ಕೈಪಿಡಿಯೂ ಇಲ್ಲದೆ ಪಾಲಿಸಿದ್ದರು. ತಂಬಿಗೆಗೆ ಹಗ್ಗವಿದ್ದರೆ ದಾರಿಯ ಬಾವಿಯೆಲ್ಲ ನಮ್ಮದೇ. ಆದ್ದರಿಂದ ನೀರನ್ನು ಹೊರಬೇಕಿಲ್ಲ. ನೀರಿಗಿಂತ ಭಾರದ ಹೊರೆ ಪ್ರಯಾಣದಲ್ಲಿ ಇನ್ನೊಂದಿಲ್ಲವೆಂಬುದನ್ನು ನಡೆದವರೆಲ್ಲ ಬಲ್ಲರು.

ಬುತ್ತಿಯ ವಿಚಾರದಲ್ಲಿ ನಮ್ಮ ಹೆಂಗಸರ ಲೆಕ್ಕಾಚಾರ ಇನ್ನೂ ಸೂಕ್ಷ್ಮ. ಮೊದಲ ಹೊತ್ತಿಗೆ ಮೊಸರನ್ನ. ಹಾಲಿನಲ್ಲಿ ಕಲಸಿ ಚೂರು ಮೊಸರು ಹಾಕಿದರೆ ಉಣ್ಣುವ ಹೊತ್ತಿಗೆ ಹದವಾಗಿ ಹೆಪ್ಪಾಗಿರುತ್ತದೆ, ಹುಳಿ ಬರುವುದಿಲ್ಲ. ಮಾರನೆಯ ದಿನಕ್ಕೆ ಪುಳಿಯೋಗರೆ. ಹುಣಿಸೆಹುಳಿ, ಉಪ್ಪು, ಎಣ್ಣೆ ಅದನ್ನು ಕಾಯುತ್ತವೆ. ಆಮೇಲಿನ ದಿನಗಳಿಗೆ ರಾಗಿಯ ಹುರಿಹಿಟ್ಟು, ಅವಲಕ್ಕಿ, ಬೆಲ್ಲ, ಕೊಬ್ಬರಿ. ಹುರಿಹಿಟ್ಟು ಮೊದಲೇ ಹುರಿದದ್ದಾದ್ದರಿಂದ ಒಲೆ ಬೇಡ, ಸೌದೆ ಬೇಡ, ಪಾತ್ರೆಯೂ ಬೇಡ. ಅದರಲ್ಲಿ ನೀರಿನಂಶವಿಲ್ಲ, ಆದ್ದರಿಂದ ತೂಕ ಕಡಿಮೆ, ಕೆಡುವುದೂ ನಿಧಾನ. ಬೇಗ ಕೆಡುವುದನ್ನು ಮೊದಲು ತಿಂದು ಮುಗಿಸುವುದರಿಂದ ದಿನದಿನಕ್ಕೂ ಗಂಟು ಇಳಿಯುತ್ತ ಹೋಗುತ್ತದೆ. ಊಟದೆಲೆ ಮುತ್ತುಗದ್ದು, ಉಂಡಮೇಲೆ ಹಸುವಿನ ಪಾಲು.

ಉಳಿದದ್ದನ್ನು ದಾರಿ ನೋಡಿಕೊಳ್ಳುತ್ತಿತ್ತು. ಬೇಸಿಗೆಯಲ್ಲಿ ಅರವಟ್ಟಿಗೆ, ಸಾಲುಮರ, ಅರಳಿಕಟ್ಟೆ, ಛತ್ರ, ಗುಡಿಯ ಜಗಲಿ. ತಲೆಹೊರೆಯವನು ಯಾರ ಸಹಾಯವೂ ಇಲ್ಲದೆ ಹೊರೆ ಇಳಿಸಿ ಮತ್ತೆ ಎತ್ತಿಕೊಳ್ಳಲೆಂದು ಆಳೆತ್ತರಕ್ಕೆ ಎರಡು ಕಲ್ಲು ನೆಟ್ಟು ಮೇಲೊಂದು ಚಪ್ಪಡಿ ಹಾಕಿಸುವುದೂ ದಕ್ಷಿಣದಲ್ಲಿ ಪುಣ್ಯದ ಕೆಲಸವಾಗಿತ್ತು. ಬಸಿರಲ್ಲೇ ತೀರಿಕೊಂಡ ಹೆಣ್ಣುಮಗಳ ನೆನಪಿಗೆ ಇಂಥ ಕಲ್ಲು ನಿಲ್ಲಿಸುತ್ತಿದ್ದರು. ಇಳಿಸಲಾಗದೇ ಹೋದ ಹೊರೆಯ ಬದಲು ಬೇರೆಯವರ ಹೊರೆ ಇಳಿಯಲಿ ಎಂದು. ಆದರೆ ಈ ದಾರಿ ಎಲ್ಲರ ಹೊರೆಯನ್ನೂ ಹೊರುತ್ತಿರಲಿಲ್ಲ ಎಂಬುದನ್ನು ಮುಚ್ಚಿಡಬಾರದು. ಛತ್ರಗಳಲ್ಲಿ ಜಾತಿಯ ಪಂಕ್ತಿಯಿತ್ತು. ಎಷ್ಟೋ ಬಾವಿಗಳಿಗೆ ಅಸ್ಪೃಶ್ಯರೆನಿಸಿಕೊಂಡವರ ತಂಬಿಗೆ ಇಳಿಯುವಂತಿರಲಿಲ್ಲ. ಅವರು ನೀರನ್ನೂ ಹೊರಬೇಕಾಗಿತ್ತು, ಇಲ್ಲವೇ ಯಾರಾದರೂ ಮೇಲಿನಿಂದ ಸುರಿಯುವವರೆಗೆ ಕೈಯೊಡ್ಡಿ ಕಾಯಬೇಕಾಗಿತ್ತು. ಹಗುರವಾಗಿ ಹೊರಡುವ ಭಾಗ್ಯಕ್ಕೂ ಒಂದು ಮೆಟ್ಟಿಲು ಕಟ್ಟಲಾಗಿತ್ತು.

ದಾರಿಯು ಏನನ್ನೂ ಕೊಡಲಾರೆ ಎಂದರೆ ಏನಾಗುತ್ತದೆಂಬುದಕ್ಕೆ ಸಾಕ್ಷಿಯೂ ಇದೇ ಸೀಮೆಯಲ್ಲಿದೆ. 1791ರ ಮೇ ತಿಂಗಳಲ್ಲಿ ಲಾರ್ಡ್ ಕಾರ್ನ್‌ವಾಲಿಸ್ ಬೆಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ದಂಡು ಹೊರಡಿಸಿದ. ಚನ್ನಪಟ್ಟಣದ ದಾರಿಯಲ್ಲಿ ಟಿಪ್ಪುವಿನ ಕಾವಲಿದ್ದುದರಿಂದ ಕಾನಕಾನಹಳ್ಳಿ, ಅಂದರೆ ಇಂದಿನ ಕನಕಪುರದ ಕಷ್ಟದ ದಾರಿ ಹಿಡಿದ. ಟಿಪ್ಪು ಆ ದಾರಿಯುದ್ದಕ್ಕೂ ದವಸ, ಮೇವು ಸಿಗದಂತೆ ಮಾಡಿಸಿದ್ದ. ಕೋಟೆ ಒಡೆಯುವ ಭಾರಿ ಫಿರಂಗಿಗಳನ್ನು ಎಳೆಯುವ ಎತ್ತುಗಳು ಮಳೆಗೆ, ರೋಗಕ್ಕೆ, ಹಸಿವಿಗೆ ಸಾಲುಸಾಲಾಗಿ ಸತ್ತವು. ಅರಕೆರೆಯ ಬಳಿ ಯುದ್ಧ ಗೆದ್ದರೂ ಮುಂದೆ ಹೋಗಲಾಗದೆ, ಕಣ್ಣಂಬಾಡಿಯ ಬಳಿ ತನ್ನ ಫಿರಂಗಿಗಳನ್ನು ತಾನೇ ಹಾಳುಮಾಡಿ ಹಿಂದಿರುಗಿದ. ದಾರಿಯಲ್ಲಿ ಎದುರಾದದ್ದು ಮರಾಠರ ದಂಡು. ಅವರ ಪಾಳೆಯದ ಬಜಾರಿನಲ್ಲಿ ಕಾಶ್ಮೀರದ ಶಾಲಿನಿಂದ ಬರ್ಮಿಂಗ್‌ಹ್ಯಾಮಿನ ಚೂರಿಯವರೆಗೆ ಎಲ್ಲವೂ ಮಾರಾಟಕ್ಕಿತ್ತು. ಹಸಿದ ಇಂಗ್ಲಿಷರು ಬೆಲೆ ಕೇಳದೆ ಕೊಂಡರು. ಮೈಸೂರಿನವರ ಗುಟ್ಟು ಬೇರೆಯದು: ಅಮೃತಮಹಲಿನ ಎತ್ತು. ಹೈದರಾಲಿ ಚಿದಂಬರದ ನೆರವಿಗೆ ಎರಡೂವರೆ ದಿನದಲ್ಲಿ 100 ಮೈಲಿ ನಡೆದನೆಂದು ಹೇಳುವುದು ಈ ಎತ್ತುಗಳ ಮೇಲೆ.

ಟಿಪ್ಪುವಿನ ಪತನದ ನಂತರ ಈ ಕಾಡುದಾರಿಗೆ ಭದ್ರತೆ ಬೇಕೆಂದೇ 1800ರಲ್ಲಿ ಕ್ಲೋಸ್‌ಪೇಟೆ ಹುಟ್ಟಿತು. ರೆಸಿಡೆಂಟ್ ಬ್ಯಾರಿ ಕ್ಲೋಸ್‌ನ ಹೆಸರು ಹೊತ್ತ ಆ ಪೇಟೆಯೇ ಇಂದಿನ ರಾಮನಗರ. 1876ರಿಂದ 78ರ ಭೀಕರ ಬರದಲ್ಲಿ ಹಸಿದವರಿಗೆ ಕೆಲಸ ಕೊಡಲೆಂದು ರೈಲು ದಾರಿಯ ಕೆಲಸ ಆರಂಭವಾಯಿತು; 1881ರಲ್ಲಿ ರೈಲು ಚನ್ನಪಟ್ಟಣ ಮುಟ್ಟಿತು, ಮರುವರ್ಷ ಮೈಸೂರು. ಅಲ್ಲಿಂದ ನಮ್ಮ ಗಂಟು ಉಬ್ಬತೊಡಗಿತು. ಹೊರುವುದು ಉಗಿಬಂಡಿ ತಾನೆ? ಕಬ್ಬಿಣದ ಟ್ರಂಕು, ಪಟ್ಟಿ ಬಿಗಿದ ಹೋಲ್ಡಾಲು, ನೀರಿನ ಕೂಜ, ನಾಲ್ಕು ಅಂತಸ್ತಿನ ಕ್ಯಾರಿಯರ್ರು ಬಂದವು. ನಿಲ್ದಾಣದಲ್ಲಿ ಅದನ್ನೆಲ್ಲ ಹೊರಲು ಕೆಂಪಂಗಿಯ ಕೂಲಿ ಬಂದ. ನಿಲ್ದಾಣದೆದುರು ಛತ್ರಗಳೂ ಎದ್ದವು. ಬೆಂಗಳೂರಿನ ರೈಲು ನಿಲ್ದಾಣದ ಮುಂದೆ 1903ರಲ್ಲಿ ಆರಂಭವಾದ ಗುಬ್ಬಿ ತೋಟದಪ್ಪನವರ ಛತ್ರ ಅವುಗಳಲ್ಲಿ ಪ್ರಸಿದ್ಧವಾದದ್ದು.

ಸಫಾರಿಯ ಬಟ್ಟೆಯ ವಿಷಯದಲ್ಲೂ ಕನ್ನಡ ನೆಲಕ್ಕೆ ಒಂದು ಪಾಲಿದೆ. ಧೂಳು ಎಂಬರ್ಥದ ಪಾರಸಿ ‘ಖಾಕ್’ನಿಂದ ಖಾಕಿ ಬಂತು. 1840ರ ದಶಕದಲ್ಲಿ ವಾಯವ್ಯ ಗಡಿಯ ಸೈನಿಕರು ಅದನ್ನು ಉಡತೊಡಗಿದ್ದರು. ಒಗೆದರೆ ಬಿಡದಂಥ ಖಾಕಿ ಬಣ್ಣವನ್ನು ಮಂಗಳೂರಿನ ಬಲ್ಮಠದ ಬಾಸೆಲ್ ಮಿಶನ್ ನೇಯ್ಗೆ ಕಾರ್ಖಾನೆಯಲ್ಲಿ 1850ರ ದಶಕದ ಆರಂಭದಲ್ಲಿ ಸಿದ್ಧಪಡಿಸಿದವನು ಜಾನ್ ಹಾಲರ್ ಎಂಬ ಖ್ಯಾತಿಯಿದೆ. ಕಾಡಿಗೆ ಇದಕ್ಕಿಂತ ಹೊಂದುವ ಬಟ್ಟೆ ಕಡಿಮೆ. ಮೊದಲ ದಿನವೇ ಧೂಳಿನ ಬಣ್ಣದಲ್ಲಿರುವ ಅಂಗಿ ಎರಡನೆಯ ದಿನ ಕೊಳೆಯಾಗಿ ಕಾಣುವುದಿಲ್ಲ. ಎರಡು ಜೊತೆ ಸಾಕು. ಬಿಳಿ, ಕೆಂಪು ಬಟ್ಟೆ ಜೀಪಿನಲ್ಲಿ ದೂರಕ್ಕೆ ಹೊಡೆದು ಕಾಣುತ್ತದೆ. ಬಂಡೀಪುರದಲ್ಲಿ ಡಿಸೆಂಬರಿನ ಬೆಳಗಿನ ಚಳಿಗೆ ಒಂದು ಉಣ್ಣೆಯ ಬಟ್ಟೆ, ಟೋಪಿ, ದುರ್ಬೀನು, ಲೋಹದ ಸೀಸೆಯಲ್ಲಿ ನೀರು. ಜೀಪಿನ ಎರಡು ಮೂರು ಗಂಟೆಗೆ ಇನ್ನೇನೂ ಬೇಕಿಲ್ಲ. ಪರಿಮಳದ ಸೆಂಟು ಕೋಣೆಯಲ್ಲೇ ಇರಲಿ. ಪ್ಲಾಸ್ಟಿಕ್ ಪೊಟ್ಟಣದ ತಿಂಡಿಯಂತೂ ಕಾಡಿಗೆ ಹೋಗಲೇಬಾರದು. ಆನೆಯ ಲದ್ದಿಯಲ್ಲಿ ಅದರ ಚೂರುಗಳು ಸಿಕ್ಕಿವೆ.

ಕಾಕನಕೋಟೆಯ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಕೆಲವೇ ವರ್ಷಗಳಲ್ಲಿ ಕಬಿನಿ ಜಲಾಶಯ ತುಂಬಿ ಆ ಕಾಡಿನ ಬಹುಭಾಗ ಮುಳುಗಿತು. 1980ರಲ್ಲಿ ಸರ್ಕಾರ ಜಂಗಲ್ ಲಾಡ್ಜಸ್ ಸಂಸ್ಥೆಯನ್ನು ಸ್ಥಾಪಿಸಿದ ಮೇಲೆ ಕಾರಾಪುರದ ಹಳೆಯ ಶಿಕಾರಿ ಬಂಗಲೆಗಳಲ್ಲಿ ಕ್ಯಾಮೆರಾ ಹಿಡಿದವರು ಇಳಿದುಕೊಳ್ಳತೊಡಗಿದರು. ಆನೆಯ ಹೆಜ್ಜೆ ನೋಡಿ ಹೊತ್ತು ಹೇಳಬಲ್ಲ ಜೇನುಕುರುಬರಲ್ಲಿ ಕೆಲವರು ಅರಣ್ಯ ಇಲಾಖೆಯ ಮಾವುತರು, ಕಾವಲುಗಾರರಾದರು. ಅನೇಕರು ಹಾಡಿಗಳನ್ನು ಬಿಟ್ಟು ಹೊರಗೆ ಬರಬೇಕಾಯಿತು. ನಾಗರಹೊಳೆಯೊಳಗಿನ ಹಾಡಿಗಳ ಜನರಿಗೆ ಹುಣಸೂರಿನ ಬಳಿ ನಾಗಾಪುರದಲ್ಲಿ 1990ರ ದಶಕದ ಕೊನೆಯಿಂದ ಮನೆ, ಜಮೀನು ಕೊಡಲಾಯಿತು. ಬಿದಿರು, ಜೇನು, ಗೆಡ್ಡೆ, ನೀರು ಎಲ್ಲವೂ ಕಾಡಿನಲ್ಲೇ ಇದ್ದಾಗ ಒಂದು ಮಚ್ಚು ಹಿಡಿದು ದಿನಗಟ್ಟಲೆ ನಡೆಯುತ್ತಿದ್ದವರು, ಈಗ ಕೊಡಗಿನ ಕಾಫಿ ತೋಟಗಳಿಗೆ ಕೂಲಿಗೆಂದು ಹೋಗುವಾಗ ಅಕ್ಕಿ, ಪಾತ್ರೆ, ಹೊದಿಕೆಗಳ ಗಂಟು ಕಟ್ಟಿಕೊಂಡು ಜೀಪು ಹತ್ತುತ್ತಾರೆ.