ಮಳೆ ತಡೆದ ಗಿರಿ, ಹೊಳೆ ಕೊಟ್ಟ ಗಿರಿ

ಕಡೂರು ತಾಲ್ಲೂಕಿನ ಚೌಳಹಿರಿಯೂರು ಬಯಲುಸೀಮೆಯ ಊರು. ರಾಗಿ, ಜೋಳ, ಹುಚ್ಚೆಳ್ಳಿನ ಹೊಲಗಳ ನಡುವೆ ಅಲ್ಲಲ್ಲಿ ತೆಂಗಿನ ತೋಟ. ಬಾವಿ ಆಳವಾದಷ್ಟೂ ನೀರು ಇನ್ನೂ ಕೆಳಕ್ಕೆ ಇಳಿಯುವ ನೆಲ. ಆದರೆ ಗಾಳಿ ತಿಳಿಯಾದ ಸಂಜೆ ಪಡುವಣಕ್ಕೆ ಮುಖ ಮಾಡಿ ನಿಂತರೆ ಆಕಾಶದ ಅಂಚಿನಲ್ಲಿ ಒಂದು ನೀಲಿ ಗೆರೆ ಕಾಣುತ್ತದೆ. ಅದೇ ಬಾಬಾಬುಡನ್ ಗಿರಿಶ್ರೇಣಿ, ಚಂದ್ರದ್ರೋಣ ಪರ್ವತ. ನಮ್ಮ ಹಿರಿಯರಿಗೆ ಇಷ್ಟುದ್ದದ ಹೆಸರುಗಳು ಬೇಕಿರಲಿಲ್ಲ. ಬರಿದೆ 'ಗಿರಿ' ಎನ್ನುತ್ತಿದ್ದರು.

ಜ್ಯೇಷ್ಠ ಮಾಸದಲ್ಲಿ ನನ್ನ ಅಜ್ಜ ಜಗಲಿಯ ಮೇಲೆ ಕುಳಿತು ದಿನವೂ ಆ ಗೆರೆಯನ್ನು ನೋಡುತ್ತಿದ್ದರು. ಅಲ್ಲಿ ಕಪ್ಪು ಮೋಡ ಒತ್ತಾಗಿ ಕಟ್ಟಿರುತ್ತಿತ್ತು. ಇಲ್ಲಿ ಧೂಳು ಏಳುತ್ತಿತ್ತು. "ಗಿರೀಲಿ ಹುಯ್ತಾ ಐತೆ ಕಣ್ಲಾ, ನಮಗೆ ಬರೀ ಗಾಳಿ" ಎನ್ನುವರು. ಆ ಮಾತಿನಲ್ಲಿದ್ದುದು ಹವಾಮಾನದ ವರದಿಯಷ್ಟೇ ಅಲ್ಲ, ದಾಯಾದಿಯ ಮೇಲಿನ ಮುನಿಸು ಕೂಡ ಎಂಬುದು ನನಗೆ ಬಹುಕಾಲದ ಮೇಲೆ ಹೊಳೆಯಿತು.

ನಿವೃತ್ತಿಯ ನಂತರ ಒಂದು ಕಾರ್ತಿಕದಲ್ಲಿ, ಹಳೆಯ ವಿದ್ಯಾರ್ಥಿಯೊಬ್ಬರ ಒತ್ತಾಯಕ್ಕೆ ಮಣಿದು, ಆ ದಾಯಾದಿಯ ಮನೆಗೆ ಹೋಗಿಬಂದೆ. ಚಿಕ್ಕಮಗಳೂರಿನಿಂದ ಕೈಮರದ ದಾರಿಯಲ್ಲಿ ಕಾಫಿ ತೋಟಗಳ ನೆರಳನ್ನು ದಾಟಿ ಏರಿದರೆ ಮರಗಳು ಇದ್ದಕ್ಕಿದ್ದಂತೆ ಮುಗಿಯುತ್ತವೆ. ಮುಂದೆ ಹುಲ್ಲು ಹೊದ್ದ ಬೋಳು ಏಣುಗಳು. ಅವುಗಳ ಮಡಿಕೆಯಲ್ಲಿ ಮಾತ್ರ ಬಚ್ಚಿಟ್ಟ ಗಂಟಿನಂತೆ ಶೋಲಾ ಕಾಡು. ಸೀತಾಳಯ್ಯನಗಿರಿಯ ಬಳಿ ವಾಹನ ಬಿಟ್ಟು, ನಿಂತು ನಿಂತು ಮುಳ್ಳಯ್ಯನಗಿರಿಯನ್ನು ಹತ್ತಿದೆ. ಅರವತ್ತು ದಾಟಿದವನಿಗೆ ಕೊನೆಯ ಮೆಟ್ಟಿಲುಗಳು ವಿನಯ ಕಲಿಸುತ್ತವೆ. ತುದಿಯಲ್ಲಿ ಮುಳ್ಳಪ್ಪಸ್ವಾಮಿಯ ಗದ್ದುಗೆ. ಎತ್ತರ 6317 ಅಡಿ. ಕರ್ನಾಟಕದಲ್ಲಿ ಇದಕ್ಕಿಂತ ಎತ್ತರದ ಶಿಖರವಿಲ್ಲ. 2022ರಲ್ಲಿ ಈ ಇಳಿಜಾರುಗಳಲ್ಲಿ ಕುರಿಂಜಿ ಅರಳಿ ಜನಜಾತ್ರೆಯೇ ನೆರೆದಿತ್ತು. ನಾನು ಹೋದಾಗ ಹೂವಿರಲಿಲ್ಲ, ಗಾಳಿಯಿತ್ತು. ತಲೆಯ ಟವೆಲ್ಲನ್ನು ಕೈಯಲ್ಲಿ ಹಿಡಿದೇ ನಿಲ್ಲಬೇಕಾಯಿತು.

ಅಲ್ಲಿ ನಿಂತಾಗ ಶ್ರೇಣಿಯ ಆಕಾರ ಮನಸ್ಸಿಗೆ ಬರುತ್ತದೆ. ಇದು ವಾಯವ್ಯಕ್ಕೆ ಬಾಯಿ ತೆರೆದ ಕುದುರೆ ಲಾಳ. ಲಾಳದ ಒಳಗೆ ಜಾಗರ ಕಣಿವೆ. ಆ ಬಾಗಿದ ರೂಪಕ್ಕೇ ಚಂದ್ರದ್ರೋಣ ಎಂಬ ಹೆಸರು ಬಂದಿತೆನ್ನುತ್ತಾರೆ. ಲಾಳದ ಒಳಗೆ ಬಿದ್ದ ಹನಿ ಸೋಮವಾಹಿನಿಯಾಗಿ ಭದ್ರೆಯನ್ನು ಸೇರುತ್ತದೆ. ತೆಂಕಣ ಮಗ್ಗುಲಿನದು ಯಗಚಿಯಾಗಿ ಬೇಲೂರಿನ ಕಡೆ ಹರಿದು, ಹೇಮಾವತಿಯ ಜೊತೆ ಕಾವೇರಿಗೆ ಹೋಗುತ್ತದೆ. ಮೂಡಣ ಮಗ್ಗುಲಿನಿಂದ ವೇದಾ, ಆವತಿ ಎಂಬ ಎರಡು ಹಳ್ಳಗಳು ಇಳಿದು, ಕಡೂರಿನ ಬಳಿ ಕೂಡಿ, ವೇದಾವತಿ ಎನ್ನಿಸಿಕೊಳ್ಳುತ್ತವೆ. ನೈಋತ್ಯದ ಮಳೆಗಾಳಿಯನ್ನು ತಡೆದು ನಮ್ಮನ್ನು ಮಳೆಯ ಮರೆಗೆ ನೂಕಿದ ಗಿರಿಯೇ, ತಾನು ಹಿಡಿದ ನೀರಿನಲ್ಲಿ ಒಂದು ಪಾಲನ್ನು ಈ ಹೊಳೆಯ ಮೂಲಕ ನಮಗೆ ಕಳಿಸುತ್ತ ಬಂದಿದೆ. ಅಜ್ಜನ ಮುನಿಸಿನಲ್ಲಿ ಲೆಕ್ಕದ ಒಂದು ಬದಿ ಮಾತ್ರವಿತ್ತು.

ಇನ್ನೊಂದು ಬದಿಯನ್ನು ಬರೆದವರು ಕೆರೆ ಕಟ್ಟಿಸಿದವರು. ಸಖರಾಯಪಟ್ಟಣದ ಬಳಿ, ಶಕುನಗಿರಿಯ ಬುಡದಲ್ಲಿ, ವೇದೆಯ ನೀರು ನಿಂತು ಅಯ್ಯನಕೆರೆಯಾಯಿತು. ಹೊಯ್ಸಳರ ಕಾಲದಲ್ಲಿ, 1156ರಲ್ಲಿ, ಅದರ ಜೀರ್ಣೋದ್ಧಾರವಾಯಿತೆಂದು ಹೇಳುತ್ತಾರೆ. ಹಾಗಾದರೆ ಮೊದಲು ಕಟ್ಟಿದ್ದು ಅದಕ್ಕೂ ಹಿಂದೆ. ಆವತಿಯ ನೀರಿಗೆ ಮದಗದ ಕೆರೆ. ಮದಗದ ಕೆರೆಗೆ ಮಳೆ ಬಂದ ಜನಪದ ಹಾಡನ್ನು ಕೇಳದ ಕನ್ನಡಿಗರು ಕಡಿಮೆ. ಮಾಸೂರಿನ ಬಳಿಯೂ ಒಂದು ಮದಗದ ಕೆರೆಯಿದೆ. ಹಾಡು ಯಾರದೆಂಬ ವಾದಕ್ಕೆ ನಾನು ಇಳಿಯಲಾರೆ. ಬಯಲುಸೀಮೆಯವನಿಗೆ ಅದು ತನ್ನದೆಂದು ತೋರುವುದು ಸಹಜ. ಕೆರೆ ತುಂಬುವುದನ್ನು ಮಾಯೆಯೆಂದು ಕಾಣಲು ಕೆರೆ ಒಣಗಿದ್ದನ್ನು ನೋಡಿರಬೇಕು.

ಗಿರಿಯಿಂದ ನೀರಲ್ಲದೆ ಇತರ ಸಂಪತ್ತೂ ಇಳಿಯಿತು. ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಮೋಖಾದಿಂದ ಏಳು ಕಾಫಿ ಬೀಜ ತಂದು ಇಲ್ಲಿ ಬಿತ್ತಿದರೆಂಬುದು ಪ್ರತೀತಿ. ಏಳೋ ಎಪ್ಪತ್ತೋ, ಎಣಿಸಿದವರಿಲ್ಲ. 1840ರ ಸುಮಾರಿಗೆ ಕ್ಯಾನನ್ ಎಂಬ ಆಂಗ್ಲ ತೋಟಗಾರ ಶ್ರೇಣಿಯ ತೆಂಕಣಕ್ಕೆ ತೋಟ ಹಾಕಿದ ಮೇಲೆ ಕಾಫಿ ವ್ಯಾಪಾರದ ಬೆಳೆಯಾಯಿತು. ಬಡಗಣ ತೋಳಿನ ಕೆಮ್ಮಣ್ಣುಗುಂಡಿಯ ಅದಿರು, 1918ರಲ್ಲಿ ಆರಂಭಗೊಂಡ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಇಳಿಯಿತು. 1923ರಲ್ಲಿ ಅಲ್ಲಿನ ಕುಲುಮೆ ಕಬ್ಬಿಣ ಕೊಟ್ಟಾಗ ಉರಿದದ್ದು ಕಲ್ಲಿದ್ದಲಲ್ಲ, ಮಲೆನಾಡಿನ ಮರದ ಇದ್ದಲು. ಕಾರ್ಖಾನೆಯ ಹೆಮ್ಮೆಯನ್ನು ನಾವು ಪಠ್ಯಪುಸ್ತಕಗಳಲ್ಲಿ ಓದಿದೆವು. ಮರದ ಲೆಕ್ಕ ಅಲ್ಲಿರಲಿಲ್ಲ. ಹೊಳೆ ಹುಟ್ಟುವುದು ಕಾಡಿನ ಬೇರಿನಲ್ಲಿ ಎಂಬುದನ್ನು ನೆನೆದರೆ, ಆ ಲೆಕ್ಕ ಕೆಳಗಿನ ಊರುಗಳಿಗೂ ಸೇರಿದ್ದೇ.

ವೇದಾವತಿಗೆ ಹಿರಿಯೂರಿನ ಬಳಿ ಮಾರಿಕಣಿವೆಯಲ್ಲಿ ಅಣೆಕಟ್ಟು ಮುಗಿದದ್ದು 1907ರಲ್ಲಿ. ಆ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿತ್ತು. ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, ಎಂಬತ್ತೊಂಬತ್ತು ವರ್ಷಗಳ ಮೇಲೆ! ಒಂದು ಇಡೀ ಆಯುಷ್ಯ. ಆ ವರ್ಷ ಮಳೆ ಬಿರುಸಾಗಿತ್ತು, ನಿಜ. ಅದರ ಜೊತೆಗೆ ಹೊಸದೊಂದು ನೀರೂ ಬಂದಿತ್ತು. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ, ಭದ್ರೆಯ ನೀರನ್ನು ಬೆಟ್ಟದತಾವರೆಕೆರೆಯ ಬಳಿ ಮೇಲೆತ್ತಿ, ಅಜ್ಜಂಪುರದ ಹತ್ತಿರ ಸುಮಾರು 7 ಕಿಲೋಮೀಟರ್ ಸುರಂಗದಲ್ಲಿ ಹಾಯಿಸಿ, 2019ರಿಂದ ವೇದಾವತಿಯ ಕಣಿವೆಗೆ ಬಿಡತೊಡಗಿದ್ದಾರೆ. ಗಿರಿಯ ನೆತ್ತಿಯಲ್ಲಿ ಬೇರೆಯಾದ ಹನಿಗಳು ಮೊದಲು ಕೂಡುತ್ತಿದ್ದುದು ಬಹುದೂರ, ವೇದಾವತಿಯು ಹಗರಿಯಾಗಿ ತುಂಗಭದ್ರೆಗೆ ಸೇರುವ ಬಳ್ಳಾರಿ ಸೀಮೆಯಲ್ಲಿ. ಈಗ ನಮ್ಮ ಮನೆಯಂಗಳದಲ್ಲೇ ಕೂಡಿಸಿದ್ದಾರೆ.

ಇದನ್ನು ಕಣ್ಣಾರೆ ಕಾಣಬೇಕೆಂದು ಹಿಂದಿರುಗುವಾಗ ತರೀಕೆರೆಯ ಮೇಲೆ ಅಜ್ಜಂಪುರಕ್ಕೆ ಬಂದೆ. ಕಾಲುವೆಯಲ್ಲಿ ನೀರು ಸದ್ದಿಲ್ಲದೆ, ದಡ ತುಂಬಿ ಸಾಗುತ್ತಿತ್ತು. ದಂಡೆಯ ಮೇಲೆ ನನ್ನ ವಯಸ್ಸಿನವರೇ ಒಬ್ಬರು ಕುರಿ ಮೇಯಿಸುತ್ತಿದ್ದರು. ಇಷ್ಟು ನೀರು ಬಂದದ್ದರಿಂದ ಅನುಕೂಲವಾಯಿತಲ್ಲವೆ ಎಂದು ಕೇಳಿದೆ. ಅವರು ನನ್ನನ್ನು ಒಮ್ಮೆ, ಕಾಲುವೆಯನ್ನು ಒಮ್ಮೆ ನೋಡಿದರು.

"ಇದು ಹಿರಿಯೂರ ಕಡೀಕೆ ಹೋಗೋ ನೀರು, ಸ್ವಾಮಿ. ನಮ್ಮ ಹೊಲಕ್ಕೆ ಇಳಿಯಾದಿಲ್ಲ, ನೋಡ್ಕಂತೀವಿ ಅಷ್ಟೆ."

ಅವರ ಬೆನ್ನ ಹಿಂದೆ, ಪಡುವಣದಲ್ಲಿ, ಗಿರಿಗೆ ಮೋಡ ಕಟ್ಟುತ್ತಿತ್ತು.