ಹಿನ್ನೀರಿನ ದ್ವೀಪಗಳು

ಹಣವುಳ್ಳವರು ಈಗ ರಜೆಗೆ ಇಡೀ ಹಡಗನ್ನೇ ಬಾಡಿಗೆಗೆ ಹಿಡಿಯುತ್ತಾರಂತೆ. ನಡೆಸಲು ಕಪ್ತಾನ, ಅಡಿಗೆಗೆ ಒಬ್ಬ, ಹಾಯಿ ಹಗ್ಗ ನೋಡಿಕೊಳ್ಳಲು ಇಬ್ಬರು. ಇಂದು ಈ ದ್ವೀಪ, ನಾಳೆ ಇನ್ನೊಂದು. ಗ್ರೀಸ್ ದೇಶದ ಸುತ್ತ, ಕೆರೆಬಿಯನ್ ಸಮುದ್ರದಲ್ಲಿ ಇದು ದೊಡ್ಡ ವ್ಯಾಪಾರ. ಬಣ್ಣದ ಪುಟಗಳಲ್ಲಿ ಅದರ ಚಿತ್ರ ನೋಡಿದಾಗಲೆಲ್ಲ ನನಗೆ ನಮ್ಮ ಶರಾವತಿ ನೆನಪಾಗುತ್ತಾಳೆ. ಹಡಗೂ ದ್ವೀಪವೂ ನಮ್ಮ ಕೆಳದಿ ಸೀಮೆಗೆ ಹೊಸತಲ್ಲ. ನಮ್ಮವರು ಅವನ್ನು ವಿಹಾರವೆಂದು ಕರೆಯಲಿಲ್ಲ, ಅಷ್ಟೇ.

ಶರಾವತಿ ಹುಟ್ಟುವುದು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ. ಹೊಸನಗರ, ಸಾಗರದ ಸೀಮೆಯನ್ನು ಹಾದು, ಜೋಗದಲ್ಲಿ ಧುಮುಕಿ, ಗೇರುಸೊಪ್ಪೆಯ ಮೇಲೆ ಹೊನ್ನಾವರದಲ್ಲಿ ಕಡಲು ಸೇರುತ್ತಾಳೆ. ಘಟ್ಟದ ಕೆಳಗೆ ಈ ಹೊಳೆಯೇ ಹೆದ್ದಾರಿಯಾಗಿತ್ತು. ಹದಿನಾರನೆಯ ಶತಮಾನದಲ್ಲಿ ಗೇರುಸೊಪ್ಪೆಯನ್ನು ಆಳಿದ ಜೈನ ರಾಣಿ ಚೆನ್ನಭೈರಾದೇವಿಯ ಮೆಣಸು ದೋಣಿಯೇರಿ ಇದೇ ನೀರಿನಲ್ಲಿ ಇಳಿಯುತ್ತಿತ್ತು. ಪೋರ್ಚುಗೀಸರು ಅವಳನ್ನು 'ಮೆಣಸಿನ ರಾಣಿ' ಎಂದೇ ಕರೆದರು. ಕೊನೆಗೆ ಕೆಳದಿಯ ವೆಂಕಟಪ್ಪ ನಾಯಕ ಅವಳನ್ನು ಸೋಲಿಸಿದ. ಇಕ್ಕೇರಿಯ ಸೆರೆಯಲ್ಲಿ ಅವಳು ತೀರಿಕೊಂಡಳೆಂದು ನಮ್ಮ ಕಡೆಯ ಹೇಳಿಕೆ. ಅಘೋರೇಶ್ವರ ದೇವಾಲಯ ನೋಡಲು ಇಕ್ಕೇರಿಗೆ ಹೋಗುವವರು ಆ ಮುದುಕಿಯನ್ನೂ ಒಂದು ಗಳಿಗೆ ನೆನೆಯಬಹುದು.

ಬ್ರಿಟಿಷರ ಕಾಲದಲ್ಲಿ ಕಡಲ ಕಡೆಯಿಂದ ಜೋಗ ನೋಡಲು ಬರುವವರು ಹೊನ್ನಾವರದಲ್ಲಿ ಅಂಬಿಗರ ಸಮೇತ ದೋಣಿ ಹಿಡಿದು ಗೇರುಸೊಪ್ಪೆಯವರೆಗೆ ಬಂದು, ಅಲ್ಲಿಂದ ಘಟ್ಟ ಹತ್ತುತ್ತಿದ್ದರು. ಆಳುಕಾಳು ಸಹಿತದ ದೋಣಿಯಾನ ನಮ್ಮ ಹೊಳೆಗೆ ಅಷ್ಟು ಹಳೆಯದು. ಹೊನ್ನಾವರದ ಅಳಿವೆಯಾಚೆ ಕಡಲಲ್ಲಿ ಬಸವರಾಜದುರ್ಗವೆಂಬ ದ್ವೀಪವಿದೆ. ಕೋಟೆ ಕಟ್ಟಿ ಹೆಸರಿಟ್ಟವರು ನಮ್ಮ ಕೆಳದಿ ಅರಸರು. 1499ರಲ್ಲಿ ಚೌಡಪ್ಪನಿಂದ ಆರಂಭವಾದ ಈ ಮಲೆನಾಡಿನ ಮನೆತನ, ಶಿವಪ್ಪ ನಾಯಕನ ಕಾಲಕ್ಕೆ ಕರಾವಳಿಯ ಪೋರ್ಚುಗೀಸ್ ಕೋಟೆಗಳನ್ನೇ ಕಿತ್ತುಕೊಂಡಿತು. ಅಕ್ಕಿ, ಮೆಣಸಿನ ವ್ಯಾಪಾರ ಕೈಯಲ್ಲಿರಬೇಕಾದರೆ ಬಂದರೂ ಕೈಯಲ್ಲಿರಬೇಕು. ಬಂದರು ಉಳಿಯಬೇಕಾದರೆ ಅದರ ಬಾಯಲ್ಲಿ ಕಾವಲು ಬೇಕು. ಬಸವರಾಜದುರ್ಗ ಅಂಥ ಕಾವಲಿನ ದ್ವೀಪ.

ಅದು ದೇವರು ಮಾಡಿದ ದ್ವೀಪ. ಘಟ್ಟದ ಮೇಲಿನವು ಮನುಷ್ಯ ಮಾಡಿದವು.

1948ರಲ್ಲಿ ಜೋಗದಲ್ಲಿ ವಿದ್ಯುತ್ ಉತ್ಪಾದನೆ ಶುರುವಾಯಿತು. ಅದಕ್ಕೆ ನೀರು ಕೂಡಿಡಲು ಮಡೆನೂರಿನಲ್ಲಿ ಹಿರೇಭಾಸ್ಕರ ಅಣೆಕಟ್ಟು ಕಟ್ಟಿದರು. ಆಗಲೇ ಒಂದಷ್ಟು ಊರು ಮುಳುಗಿದವು. ಆ ವಿದ್ಯುತ್ತು ಸಾಲದೆಂದು 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಿತು. ಇದರ ಪೂರ್ಣ ಮಟ್ಟ 1819 ಅಡಿ. ಹಿಡಿಯುವ ನೀರು 151 ಟಿಎಂಸಿ. ಸುಮಾರು 300 ಚದರ ಕಿಲೋಮೀಟರ್ ನೆಲ ನೀರಿನಡಿ ಹೋಯಿತು. ಗದ್ದೆ, ಅಡಿಕೆ ತೋಟ, ದೇವಸ್ಥಾನ, ತುಳಸಿಕಟ್ಟೆಗಳ ಜೊತೆಗೆ ಹಳೆಯ ಹಿರೇಭಾಸ್ಕರ ಅಣೆಕಟ್ಟೂ ಮುಳುಗಿತು. ಊರು ಮುಳುಗಿಸಿದ ಕಟ್ಟೆಯನ್ನು ಇನ್ನೊಂದು ಕಟ್ಟೆ ಮುಳುಗಿಸಿತು. ಮಳೆ ಕೈಕೊಟ್ಟ ವರ್ಷ, ಬೇಸಿಗೆಯ ಕೊನೆಗೆ ಅದು ತಲೆಯೆತ್ತುತ್ತದೆ. ನೋಡಲು ಜನ ಮುಗಿಬೀಳುತ್ತಾರೆ.

ನೀರು ಏರಿದಾಗ ಕಣಿವೆಗಳು ತುಂಬಿ, ಗುಡ್ಡದ ನೆತ್ತಿಗಳು ನಡುಗಡ್ಡೆಗಳಾದವು. ಇವತ್ತು ನಾವು ನೋಡಿ ಹಿಗ್ಗುವ ಹಸಿರು ದ್ವೀಪಗಳೆಲ್ಲ ಹಿಂದೆ ಯಾರೋ ಸೊಪ್ಪು ತರುತ್ತಿದ್ದ, ದನ ಮೇಯಿಸುತ್ತಿದ್ದ ಬೆಟ್ಟಗಳು.

ಈಗ ತುಮರಿಯ ಮಾತು. ನಾಲ್ಕೂ ಕಡೆ ನೀರಿದ್ದರೆ ದ್ವೀಪ, ಮೂರು ಕಡೆ ಇದ್ದರೆ ಪರ್ಯಾಯ ದ್ವೀಪ ಎಂದು ಮಕ್ಕಳಿಗೆ ಪಾಠ ಹೇಳುತ್ತೇವೆ. ಆ ಲೆಕ್ಕದಲ್ಲಿ ತುಮರಿ ದ್ವೀಪವಲ್ಲ. ನಿಟ್ಟೂರು, ನಗರದ ಕಡೆಯಿಂದ ನೆಲದ ದಾರಿ ಇದೆ. ಆದರೂ ಅಲ್ಲಿಯವರು ತಮ್ಮದನ್ನು ದ್ವೀಪವೆಂದೇ ಕರೆದರು. ತಾಲ್ಲೂಕು ಕೇಂದ್ರ ಸಾಗರಕ್ಕೆ ಹೋಗಲು ಕಳಸವಳ್ಳಿಯಿಂದ ಅಂಬಾರಗೋಡ್ಲಿಗೆ ಲಾಂಚು ದಾಟಬೇಕಿತ್ತು. ಸಂಜೆಯ ಕೊನೆಯ ಲಾಂಚು ತಪ್ಪಿದರೆ ಬೆಳಗಿನವರೆಗೆ ಕಾಯಬೇಕಿತ್ತು, ಇಲ್ಲವೇ ಕಾಡುದಾರಿಯಲ್ಲಿ ಹತ್ತಾರು ಮೈಲಿ ಸುತ್ತಬೇಕಿತ್ತು. ಹೆರಿಗೆ ನೋವಿಗೆ ಲಾಂಚಿನ ವೇಳಾಪಟ್ಟಿ ಗೊತ್ತಿರುವುದಿಲ್ಲ. ದಿನ ತುಂಬುವ ಮೊದಲೇ ಹೆಣ್ಣುಮಕ್ಕಳನ್ನು ಆಚೆ ದಡದ ನೆಂಟರ ಮನೆಗೆ ಸೇರಿಸುತ್ತಿದ್ದ ಮನೆಗಳುಂಟು. ಹಿನ್ನೀರಿನಾಚೆಗೆ ಹೆಣ್ಣು ಕೊಡಲು ಜನ ಹಿಂದೆಮುಂದೆ ನೋಡಿದರು. ಭೂಗೋಳದ ಪುಸ್ತಕ ಏನಾದರೂ ಹೇಳಲಿ, ಆಸ್ಪತ್ರೆ ಎಷ್ಟು ಹೊತ್ತಿನ ದೂರ ಎಂಬುದರ ಮೇಲೆ ಆ ಹೆಂಗಸರು ತಮ್ಮೂರು ದ್ವೀಪವೋ ಅಲ್ಲವೋ ಎಂದು ತೀರ್ಮಾನಿಸಿದ್ದರು. ಅವರ ಲೆಕ್ಕವೇ ಸರಿ ಎಂದು ನನಗೆ ಕಾಣುತ್ತದೆ.

ಶರಾವತಿ ವಿದ್ಯುದಾಗಾರದ ಹತ್ತು ಯಂತ್ರಗಳ ಸಾಮರ್ಥ್ಯ 1035 ಮೆಗಾವಾಟ್. ಬೆಂಗಳೂರಿನ ಮನೆಗಳಲ್ಲಿ ಮಿಕ್ಸಿ ತಿರುಗಿತು. ಮುಳುಗಡೆಯ ಮನೆಗಳಲ್ಲಿ ಬಹುಕಾಲ ಬುಡ್ಡಿ ದೀಪವೇ ಉರಿಯಿತು. ದೀಪದ ಬುಡ ಕತ್ತಲೆ ಎಂಬ ಗಾದೆ ನಮ್ಮ ಜಿಲ್ಲೆಯಲ್ಲಿ ಅಕ್ಷರಶಃ ನಿಜವಾಯಿತು. ಎದ್ದು ಹೋದವರು ಶಿವಮೊಗ್ಗ ಜಿಲ್ಲೆಯ ಬೇರೆ ಕಾಡುಗಳಲ್ಲಿ ನೆಲೆ ಹೂಡಿ, ಹಕ್ಕುಪತ್ರಕ್ಕಾಗಿ ದಶಕಗಟ್ಟಲೆ ಕಚೇರಿ ಅಲೆದರು.

ಈ ನೋವನ್ನು ಹತ್ತಿರದಿಂದ ಕಂಡು ಬರೆದವರು ಸಾಗರದ ನಾ. ಡಿಸೋಜ. ಲೋಕೋಪಯೋಗಿ ಇಲಾಖೆಯಲ್ಲಿದ್ದು ಶರಾವತಿ ಯೋಜನೆಯಲ್ಲಿಯೇ ಕೆಲಸ ಮಾಡಿದವರು. 2025ರ ಜನವರಿಯಲ್ಲಿ ತೀರಿಕೊಂಡರು. ಅವರ 'ದ್ವೀಪ' ಕಾದಂಬರಿಯನ್ನು ಗಿರೀಶ ಕಾಸರವಳ್ಳಿ ಚಲನಚಿತ್ರ ಮಾಡಿದರು. ಅದಕ್ಕೆ ಸ್ವರ್ಣಕಮಲ ಬಂತು. ಅದರಲ್ಲಿ ಸೌಂದರ್ಯ ನಟಿಸಿದ ನಾಗಿ, ಏರುವ ನೀರಿನ ನಡುವೆ ಮನೆಯನ್ನು ತನ್ನ ದುಡಿಮೆಯಿಂದ ಉಳಿಸಿಕೊಳ್ಳುತ್ತಾಳೆ. ಗಂಡ ಅದನ್ನು ದೇವರ ಕೃಪೆ ಎಂದುಬಿಡುತ್ತಾನೆ. ಈ ಮಾತು ಅರ್ಥವಾಗಲು ನಾವು ಮುಳುಗಡೆಯ ಊರಿನವರೇ ಆಗಬೇಕಿಲ್ಲ, ಅಲ್ಲವೇ?

2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ನಡುವೆ ಎರಡು ಕಿಲೋಮೀಟರಿಗೂ ಉದ್ದದ ತೂಗು ಕೇಬಲ್ಲುಗಳ ಸೇತುವೆ ತೆರೆಯಿತು. ಅಣೆಕಟ್ಟು ಕಟ್ಟಿ ಅರವತ್ತೊಂದು ವರ್ಷವಾದ ಮೇಲೆ! ಸಿಗಂದೂರು ಚೌಡೇಶ್ವರಿಯ ದರ್ಶನಕ್ಕೆ ಹೋಗುವ ಭಕ್ತರಲ್ಲಿ ಕೆಲವರು, ಲಾಂಚಿನ ಮಜ ಹೋಯಿತು ಎಂದು ಹಲುಬಿದ್ದನ್ನು ಕೇಳಿದ್ದೇನೆ. ವರ್ಷಕ್ಕೊಮ್ಮೆ ದಾಟುವವರಿಗೆ ಅದು ಮಜ. ಆಸ್ಪತ್ರೆಗೆ, ಕಾಲೇಜಿಗೆ, ಪಡಿತರದ ಚೀಟಿಗೆ ದಾಟಬೇಕಾದವರು ಸೇತುವೆ ಬಂತೆಂದು ನಿಟ್ಟುಸಿರು ಬಿಟ್ಟರು.

ಹಾಗೆಂದು ದ್ವೀಪ ನೋಡಲು ಹೋಗಬಾರದೆಂದು ನಾನು ಹೇಳುವುದಿಲ್ಲ. ಹೋಗಬೇಕು, ಅದರಲ್ಲೂ ಹೆಣ್ಣುಮಕ್ಕಳು ಹೋಗಬೇಕು. ಸಾಗರ–ಜೋಗ ರಸ್ತೆಯಿಂದ ಒಳಗೆ ತಿರುಗಿದರೆ ಹೊನ್ನೇಮರಡು. ತೆಪ್ಪ, ಸಣ್ಣ ದೋಣಿ ನಡೆಸುವುದನ್ನು ಕಲಿಯಲು ನಮ್ಮ ಸೀಮೆಯಲ್ಲಿ ಹೆಸರಾದ ಜಾಗ. ಮಳೆಗಾಲ ಕಳೆದು ಚಳಿಗಾಲ ಹಿಡಿದ ಮೇಲೆ ಹಿನ್ನೀರು ತುಂಬಿ ಶಾಂತವಾಗಿರುತ್ತದೆ. ಈಜು ಬಂದರೂ ರಕ್ಷಾಕವಚ ಕಟ್ಟಿಕೊಳ್ಳದೆ ದೋಣಿ ಹತ್ತಬೇಡಿ. ನೀರಿನಡಿ ಹಳೆಯ ಮರದ ಬೊಡ್ಡೆಗಳಿರುತ್ತವೆ. ತಿಂಡಿಯ ಪ್ಲಾಸ್ಟಿಕ್ಕನ್ನು ಚೀಲದಲ್ಲಿಯೇ ವಾಪಸು ತನ್ನಿ. ದೋಣಿ ನಡೆಸುವವರು ಆ ಕಡೆಯವರಾದರೆ, ಈ ನೀರಿನ ಕೆಳಗೆ ಯಾವ ಊರಿತ್ತು ಎಂದು ಕೇಳಿ. ಹೆಸರು ಹೇಳುವವರು ಇನ್ನೂ ಇದ್ದಾರೆ. ಮನೆಗೆ ಬಂದ ಮೇಲೆ ಆ ಹೆಸರನ್ನು ಮಕ್ಕಳಿಗೂ ಹೇಳಿ.